ಅಜ್ಜನ ಸೈಕಲ್ಲಿಗೆ ಹೊಲದಾಗ ಕರೆಂಟು

ಫೆಬ್ರವರಿ ತಿಂಗಳು, ಬೆಳಗಿನ ಜಾವ ನಾಲ್ಕೂವರೆ. ಸವದತ್ತಿ ತಾಲ್ಲೂಕಿನ ಒಂದು ಎರಿ ಹೊಲದಲ್ಲಿ ನಾವು ಮೂವರು, ನಾಲ್ಕು ಮಂದಿ ಕುರಿಗಾರರು ಸೇರಿ ಹಳೆಯ ಓಮ್ನಿ ವ್ಯಾನು ದಬ್ಬುತ್ತಿದ್ದೆವು. ಕಡಲೆ ಕಿತ್ತ ಹೊಲ. ಹೆಂಟೆಗಳ ಮೇಲೆ ಗಾಲಿ ಒಂದು ಮಾರು ಮುಂದೆ ಹೋದರೆ ಅರ್ಧ ಮಾರು ಹಿಂದೆ ಬರುತ್ತಿತ್ತು. ಆರು ಗಂಟೆಯೊಳಗೆ ಆ ವ್ಯಾನು ಇಪ್ಪತ್ತು ಕಿಲೋಮೀಟರ್ ದೂರದ ಊರಲ್ಲಿ ಇರಬೇಕಿತ್ತು. ನಮ್ಮಲ್ಲಿ ಒಬ್ಬನ ಸೋದರಮಾವನ ವ್ಯಾನು ಅದು. ಅವತ್ತು ಅವರಿಗೆ ಸಂತೆ. ಬದನೆಕಾಯಿ, ಮೆಂತ್ಯದ ಕಟ್ಟು ಎಲ್ಲ ರಾತ್ರಿಯೇ ಕಟ್ಟಿಟ್ಟು ಕಾಯುತ್ತಿದ್ದರು.

ವ್ಯಾನಿನ ಬ್ಯಾಟರಿ ಖಾಲಿ ಮಾಡಿದ್ದು ನಾವೇ. ಅದರಲ್ಲಿದ್ದ ಕರೆಂಟನ್ನು ಒಬ್ಬ ಅಜ್ಜನ ಸೈಕಲ್ಲಿಗೆ ಕುಡಿಸಿದ್ದೆವು.

ಆ ಕಥೆ ಹೇಳುತ್ತೇವೆ. ನಿಮ್ಮ ಹೊಲಕ್ಕೂ ಕುರಿ ಬಂದಿರಬಹುದು, ನಿಮ್ಮ ಮನೆಯಲ್ಲೂ ಒಂದು ಬ್ಯಾಟರಿ ಸೈಕಲ್ಲು ಇರಬಹುದು. ನಾವು ಮಾಡಿದ ತಪ್ಪು ನೀವು ಮಾಡಬೇಡಿ.

ನಾವು ಹೋಗಿದ್ದು ಕುರಿಗಾರರ ಬಗ್ಗೆ ಬರೆಯಲು. ಸುಗ್ಗಿ ಮುಗಿದ ಮೇಲೆ ಎರಿ ಸೀಮೆಯ ರೈತರು ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಾರಲ್ಲ, ರಾತ್ರಿ ಹಿಂಡು ನಿಂತ ಜಾಗಕ್ಕೆ ಹಿಕ್ಕೆ, ಉಚ್ಚೆ ಬಿದ್ದು ಭೂಮಿಗೆ ಗೊಬ್ಬರ, ಕುರಿಗಾರರಿಗೆ ಜೋಳವೋ ರೊಕ್ಕವೋ. ಐದು ದಿನ ಒಂದು ಕುಟುಂಬದ ಜೊತೆ ಇದ್ದು, ಅವರ ಬೀಡಿನ ಪಕ್ಕದಲ್ಲೇ ಟೆಂಟ್ ಹಾಕಿಕೊಂಡು, ದಿನಕ್ಕೊಂದು ಬರಹ ಬರೆಯೋಣ ಅಂತ ಹೋಗಿದ್ದೆವು. ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜ್ ಮಾಡಿಕೊಳ್ಳಲು ಒಂದು ಸಣ್ಣ ಇನ್ವರ್ಟರ್ ಕೊಂಡಿದ್ದೆವು. ಕಾರಿನ 12 ವೋಲ್ಟನ್ನು ಮನೆಯ 230 ವೋಲ್ಟ್ ಮಾಡುವ ಡಬ್ಬಿ. ಅದೊಂದು ಕೈಯಲ್ಲಿದ್ದರೆ ಹೊಲದಲ್ಲೂ ಪ್ಯಾಟಿ ಅನ್ನುವ ಭಾವನೆ ನಮಗೆ.

ಅಲ್ಲಿ ಅಜ್ಜನ ಪರಿಚಯ ಆಯಿತು. ಎಪ್ಪತ್ತರ ಹತ್ತಿರದ ಮನುಷ್ಯ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ, ಪಕ್ಕದಲ್ಲಿ ಕಪ್ಪು ಬಣ್ಣದ ಬ್ಯಾಟರಿ ಸೈಕಲ್ಲು. ಆ ಮೂರನ್ನೂ ಒಟ್ಟಿಗೆ ನೋಡಿ ನಮ್ಮ ಕ್ಯಾಮೆರಾ ತಾನಾಗಿಯೇ ಮೇಲೆದ್ದಿತು.

“ಫೋಟೋ ಆಮ್ಯಾಲ ತಗೀಯಿರಂತ, ಮೊದಲ ಇದಕ್ಕ ಕರೆಂಟ್ ಸಿಗತೈತೇನು ಹೇಳ್ರಿ ತಮ್ಮಾ” ಅಂದರು ಅಜ್ಜ.

ಸೈಕಲ್ಲು ಕೊಡಿಸಿದವನು ಹುಬ್ಬಳ್ಳಿಯಲ್ಲಿ ಹೋಟೆಲ್ ಕೆಲಸ ಮಾಡುವ ಮೊಮ್ಮಗ, ಯಾರೋ ಬಳಸಿ ಬಿಟ್ಟಿದ್ದನ್ನು ಕೊಂಡು ತಂದಿದ್ದ. ಅಜ್ಜನಿಗೆ ಎರಡು ವರ್ಷದಿಂದ ಮೊಣಕಾಲು ನೋವು. ಹಿಂಡಿನ ಹಿಂದೆ ನಡೆಯಲು ಆಗುವುದಿಲ್ಲ. ಕುದುರೆಯ ಮೇಲೆ ಸಾಮಾನು ಇರುತ್ತದೆ, ಮೇಲೆ ಕೋಳಿ ಬುಟ್ಟಿ, ಅದರ ಮೇಲೆ ಆಗಷ್ಟೇ ಹುಟ್ಟಿದ ಮರಿಗಳು. ಅಜ್ಜನಿಗೆ ಜಾಗ ಇಲ್ಲ. ಮಗ ಹೇಳಿಬಿಟ್ಟಿದ್ದ, ಮುಂದಿನ ಸಲ ನೀ ಊರಾಗ ಇರು ಅಂತ.

ಊರಲ್ಲಿ ಇರು ಅನ್ನುವುದು ಕೇಳಲು ಚೆಂದ. ಆದರೆ ಊರಲ್ಲಿ ಇರುವುದು ಕೀಲಿ ಹಾಕಿದ ಮನೆ. ಮಗ, ಸೊಸೆ, ಸಣ್ಣ ಮಕ್ಕಳು, ನಾಯಿ, ಎಲ್ಲರೂ ಹಿಂಡಿನ ಜೊತೆ. “ನಾ ಒಬ್ಬನ ಕುಂತು ಗ್ವಾಡಿ ಮಾರಿ ನೋಡ್ಲೇನು?” ಅಂತ ಅಜ್ಜ ನಮ್ಮನ್ನೇ ಕೇಳಿದರು. ನಾವು ಏನು ಹೇಳುವುದು?

ಸೈಕಲ್ಲು ಬಂದ ಮೇಲೆ ಹೊಸ ಆಸೆ ಹುಟ್ಟಿತ್ತು. ಹಿಂಡು ಹೊಲದಿಂದ ಹೊಲಕ್ಕೆ ಮೇಯುತ್ತ ಹೋಗುತ್ತದೆ, ಅಜ್ಜ ರಸ್ತೆ ಹಿಡಿದು ಮುಂದಿನ ಬೀಡಿಗೆ ಸೈಕಲ್ಲಿನಲ್ಲಿ ಹೋಗಿಬಿಡುತ್ತಾರೆ. 250 ವ್ಯಾಟಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ದಾಟುವುದಿಲ್ಲ, ಹಾಗಾಗಿ ಲೈಸೆನ್ಸ್ ಬೇಡ, ನೋಂದಣಿಯೂ ಬೇಡ. ಎಲ್ಲ ಸರಿ, ಚಾರ್ಜಿನದೇ ತೊಂದರೆ. ಮಳೆ ನಂಬಿದ ಎರಿ ಹೊಲದಲ್ಲಿ ಪಂಪ್‌ಸೆಟ್ ಇಲ್ಲ, ಕಂಬ ಇದ್ದರೂ ತಂತಿ ತಲೆಯ ಮೇಲೆ ಹಾದು ಹೋಗುತ್ತದೆ ಅಷ್ಟೇ. ಈ ಸೈಕಲ್ಲಿನ ಬ್ಯಾಟರಿ ಪೈಪಿನ ಒಳಗೆ ಕೂತಿದೆ, ಬಿಚ್ಚಿ ಒಯ್ಯಲು ಬರುವುದಿಲ್ಲ. ಹತ್ತಿರದ ಊರಿಗೆ ಸೈಕಲ್ಲನ್ನೇ ಒಯ್ದು, ಯಾರಾದರೂ ಅಂಗಡಿಯವರಿಗೆ ಕೈ ಮುಗಿದು, ನಾಲ್ಕು ತಾಸು ಕಟ್ಟೆಯ ಮೇಲೆ ಕೂರಬೇಕು. ಒಂದು ಊರಲ್ಲಿ ಚಹಾ ಕೊಟ್ಟು ಚಾರ್ಜಿಗೂ ಬಿಟ್ಟರಂತೆ. ಇನ್ನೊಂದು ಊರಲ್ಲಿ ಬಿಲ್ ಯಾರ ಕಟ್ಟತಾರ ಅಂದರಂತೆ. ಚಾರ್ಜ್ ಮುಗಿದ ಸೈಕಲ್ಲು ಇಪ್ಪತ್ತು ಕಿಲೋಗಿಂತ ಹೆಚ್ಚು ಭಾರ. ಅದನ್ನು ನೂಕಿಕೊಂಡು ನಡೆಯುವುದಕ್ಕಿಂತ ಬರಿಗೈಯಲ್ಲಿ ನಡೆಯುವುದೇ ಹಗುರ.

“ನಮ್ಮ ಹತ್ರ ಐತ್ರೀ ಅಜ್ಜಾರ. ರಾತ್ರಿ ಹಚ್ಚಿದ್ರ ಮುಂಜಾನೆ ಫುಲ್” ಅಂದೆವು. ನಮ್ಮ ಗತ್ತು ನೋಡಬೇಕಿತ್ತು.

ಮೊದಲ ಯತ್ನ ಒಂದು ನಿಮಿಷವೂ ನಡೆಯಲಿಲ್ಲ. ವ್ಯಾನಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಇನ್ವರ್ಟರ್ ಚುಚ್ಚಿ, ಅದಕ್ಕೆ ಸೈಕಲ್ಲಿನ ಚಾರ್ಜರ್ ಹಾಕಿದೆವು. ಫ್ಯೂಸ್ ಹೋಯಿತು. ಆ ಸಾಕೆಟ್ಟು ಫೋನಿಗೆ ಸಾಕು. ಸೈಕಲ್ಲಿನ ಚಾರ್ಜರ್ 42 ವೋಲ್ಟ್, 2 ಆಂಪಿಯರ್, ಅಂದರೆ 84 ವ್ಯಾಟ್ ಕೊಡುತ್ತದೆ. ಅಷ್ಟು ಕೊಡಲು ಅದು ಅದಕ್ಕಿಂತ ಹೆಚ್ಚು ಎಳೆಯಬೇಕು, ಅದಕ್ಕೆ ಕೊಡಲು ಇನ್ವರ್ಟರ್ ಇನ್ನೂ ಹೆಚ್ಚು ಎಳೆಯಬೇಕು. ಎರಡೂ ಕಡೆ ಬಿಸಿಯಾಗಿ ಸೋರಿ ಹೋಗುತ್ತದೆ. ಕೊನೆಗೆ 12 ವೋಲ್ಟಿನ ಬ್ಯಾಟರಿಯಿಂದ ಹತ್ತು ಆಂಪಿಯರಿನ ಹತ್ತಿರ ಹೋಗುತ್ತದೆ. ಸಾಕೆಟ್ಟಿನ ಫ್ಯೂಸೂ ಅಷ್ಟರದ್ದೇ.

ಆಮೇಲೆ ದಪ್ಪ ವೈರಿನ ಕ್ಲಿಪ್ಪುಗಳನ್ನು ನೇರ ಬ್ಯಾಟರಿಗೇ ಹಚ್ಚಿದೆವು, ಎಂಜಿನ್ ಚಾಲೂ ಇಟ್ಟೆವು. ಹಸಿರು ದೀಪ ಕೆಂಪಾಯಿತು, ಸೈಕಲ್ಲು ಕುಡಿಯಲು ಶುರು ಮಾಡಿತು. ಇನ್ವರ್ಟರ್ ಅಗ್ಗದ್ದು, ಚೌಕಾಕಾರದ ಅಲೆ ಕೊಡುವಂಥದ್ದು, ಚಾರ್ಜರ್ ಜೇನು ಹುಳದಂತೆ ಗುಂಯ್ ಅನ್ನುತ್ತಿತ್ತು. ಆದರೂ ನಮಗೆ ಖುಷಿ. ಅರ್ಧ ತಾಸಿಗೆ ಅಜ್ಜ ಎದ್ದು ಬಂದರು.

“ಗಾಡಿ ಬಂದ್ ಮಾಡ್ರಿ. ನಾಯಿಗೆ ಏನೂ ಕೇಳವಲ್ದು.”

ನಮಗೆ ಅರ್ಥ ಆಗಲಿಲ್ಲ. ತೋಳ ಬರುವ ಸೀಮೆ ಇದು, ಬಲೆಯ ಸುತ್ತ ನಾಯಿಗಳು ಕಿವಿ ಕೊಟ್ಟು ಮಲಗಿರುತ್ತವೆ, ಎಂಜಿನ್ ಸದ್ದಿನಲ್ಲಿ ಅವಕ್ಕೆ ಹೊಲದ ಸದ್ದು ತಿಳಿಯುವುದಿಲ್ಲ ಅಂತ ಸೊಸೆ ಬಿಡಿಸಿ ಹೇಳಿದರು. ಪೆಟ್ರೋಲಿನ ಲೆಕ್ಕ ಹೇಳಿದವರೂ ಅವರೇ. “ನಾಲ್ಕ ತಾಸು ಹಿಂಗ ಇಟ್ರ ಎಷ್ಟು ಎಣ್ಣಿ ಹೋಕ್ಕೈತ್ರಿ?” ಎರಡು ಲೀಟರಿಗೆ ಕಡಿಮೆ ಇಲ್ಲ. ಅಂದರೆ ಇನ್ನೂರು ರೂಪಾಯಿಯ ಮೇಲೆ. ಆ ಸೈಕಲ್ಲಿನ ಬ್ಯಾಟರಿ 36 ವೋಲ್ಟ್, 7.8 ಆಂಪಿಯರ್-ಅವರ್. ಗುಣಿಸಿದರೆ ಸುಮಾರು 280 ವ್ಯಾಟ್-ಅವರ್. ಮನೆಯ ಮೀಟರಿನಲ್ಲಿ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. ಕಾಲು ಯೂನಿಟ್ಟಿಗಿಂತ ಚೂರು ಹೆಚ್ಚಿನ ಕರೆಂಟಿಗೆ ಇನ್ನೂರು ರೂಪಾಯಿಯ ಎಣ್ಣೆ! ನಾವು ಪದವಿ ಓದಿದವರು, ಈ ಲೆಕ್ಕ ಮಾಡಿರಲಿಲ್ಲ.

ಎಂಜಿನ್ ಬಂದ್ ಮಾಡಿದೆವು. ಇನ್ವರ್ಟರ್ ಬಿಟ್ಟೆವು. ಬ್ಯಾಟರಿ ಇದೆಯಲ್ಲ, ಬೆಳಗಿನ ತನಕ ಬರುತ್ತದೆ ಅಂದುಕೊಂಡು ಮಲಗಿದೆವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಓಮ್ನಿಯ ಬ್ಯಾಟರಿ 35 ಆಂಪಿಯರ್-ಅವರ್. 12 ವೋಲ್ಟಿಗೆ ಗುಣಿಸಿದರೆ 420. ಸೈಕಲ್ಲಿಗೆ 280 ಬೇಕು, ದಾರಿಯಲ್ಲಿ ಸೋರಿಕೆ ಸೇರಿಸಿದರೆ 390ರ ಹತ್ತಿರ. ಕಾಗದದ ಮೇಲೆ ಸರಿಹೋಗುತ್ತದೆ ಅನ್ನಿಸುತ್ತದೆ. ಆದರೆ ಆ 35 ಅನ್ನುವ ಅಂಕಿ, ಹೊಸ ಬ್ಯಾಟರಿಯಿಂದ 20 ತಾಸು ನಿಧಾನವಾಗಿ ತೆಗೆದರೆ ಸಿಗುವುದು. ಜೋರಾಗಿ ಎಳೆದರೆ ಅಷ್ಟು ಸಿಗುವುದಿಲ್ಲ. ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾರಿನ ಬ್ಯಾಟರಿ ಇರುವುದು ಎಂಜಿನ್ನಿಗೆ ಒಂದು ಜೋರು ಏಟು ಕೊಟ್ಟು ಎಬ್ಬಿಸಲು. ಎಬ್ಬಿಸಿದ ಕೂಡಲೇ ಎಂಜಿನ್ ಅದನ್ನು ಮತ್ತೆ ತುಂಬುತ್ತದೆ. ಅದರಿಂದ ತಳ ಕಾಣುವ ತನಕ ಬಸಿದರೆ ಒಳಗಿನ ಸೀಸದ ತಗಡುಗಳು ಕೆಡುತ್ತವೆ. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಬೇರೆ ಜಾತಿ, ಅದು ತಾಸುಗಟ್ಟಲೆ ಕೊಡುವುದಕ್ಕೇ ಮಾಡಿದ್ದು. ಆದರೆ ಅದರ 150 ಆಂಪಿಯರಿನದು 50 ಕಿಲೋ ದಾಟುತ್ತದೆ. ಕುದುರೆಗೆ ಹೇರಿದರೆ ಕುದುರೆ ನಮ್ಮನ್ನು ಒದೆಯುತ್ತದೆ.

ಇನ್ವರ್ಟರ್ ಸುಮ್ಮನೆ ಸಾಯುವುದಿಲ್ಲ, ಬ್ಯಾಟರಿ ಇಳಿದಾಗ ಕೀಂ ಕೀಂ ಅಂತ ಕೂಗುತ್ತದೆ. ಅವತ್ತೂ ಕೂಗಿರಬೇಕು. ನಮಗೆ ಕೇಳಲಿಲ್ಲ. ಯಾಕೆಂದರೆ ರಾತ್ರಿ ಇಬ್ಬನಿ ಬೀಳುತ್ತದೆ ಅಂತ ಅಜ್ಜ ತಮ್ಮ ಕಂಬಳಿಯನ್ನೇ ತಂದು ಅದರ ಮೇಲೆ ಹೊದಿಸಿದ್ದರು! ಚಳಿಯಲ್ಲಿ ತಾವು ಬರಿ ಧೋತರ ಹೊದ್ದು ಮಲಗಿದ್ದರು. ಬಿಸಿಯಾಗುವ ಡಬ್ಬಿಗೆ ಕಂಬಳಿ ಹೊದಿಸಿದರೆ ಬೆಂಕಿ ಹತ್ತಬಹುದು ಅಂತ ಅವರಿಗೆ ನಾವು ಹೇಳಿರಲಿಲ್ಲ. ತಪ್ಪು ನಮ್ಮದೇ. ಬೆಳಿಗ್ಗೆ ಕಂಬಳಿ ತೆಗೆದರೆ ಇನ್ವರ್ಟರ್ ಬಂದ್ ಆಗಿತ್ತು, ಸೈಕಲ್ಲು ಅರ್ಧಕ್ಕಿಂತ ಚೂರು ಮೇಲೆ ತುಂಬಿತ್ತು, ವ್ಯಾನಿನ ಕೀಲಿ ತಿರುಗಿಸಿದರೆ ಟಿಕ್ ಅಂದಿತು, ಅಷ್ಟೇ.

ದಬ್ಬಿ ದಬ್ಬಿ ರಸ್ತೆಗೆ ತರುವಷ್ಟರಲ್ಲಿ ಮುಕ್ಕಾಲು ತಾಸು. ಡಾಂಬರಿಗೆ ಬಂದ ಮೇಲೆ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಕೆಮ್ಮುತ್ತ ಎದ್ದಿತು. ಊರು ಮುಟ್ಟಿದಾಗ ಏಳು ದಾಟಿತ್ತು. ಮಾವ ಆಗಲೇ ಬಾಡಿಗೆ ಟೆಂಪೋ ಹೇಳಿ ಸಂತೆಗೆ ಹೋಗಿದ್ದರು. ಅತ್ತೆ ಬಾಗಿಲಲ್ಲಿ ನಿಂತು “ಚಹಾ ಕುಡದು ಹೋಗ್ರಿ” ಅಂದರು, ಬೇರೆ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಬಾಡಿಗೆಯನ್ನು ನಾವು ಮೂವರು ಹಂಚಿಕೊಂಡು ಕೊಟ್ಟೆವು. ಯುಗಾದಿಯ ಹೊತ್ತಿಗೆ ವ್ಯಾನಿನ ಬ್ಯಾಟರಿಯೂ ಕೈಕೊಟ್ಟಿತು. ಅದರ ಹೊಸದಕ್ಕೂ ಹಂಚಿಕೊಂಡೆವು.

ಅಜ್ಜ ಆ ಅರ್ಧ ಚಾರ್ಜಿನಲ್ಲಿ ಎರಡು ದಿನ ಓಡಾಡಿದರು ಅಂತ ಆಮೇಲೆ ಫೋನಿನಲ್ಲಿ ತಿಳಿಯಿತು. ಎರಡು ದಿನ! ಆ ಮಾತು ಆಗಲೇ ನಮ್ಮ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಾವು ದೊಡ್ಡ ಬ್ಯಾಟರಿ ಹುಡುಕುತ್ತ ತಿರುಗಿದೆವು. ಒಬ್ಬ ಮೆಕ್ಯಾನಿಕ್ ಹೇಳಿದರು, ಇನ್ವರ್ಟರ್ ಯಾಕ, 12ರ ಮೂರು ಬ್ಯಾಟರಿ ಸರಪಳಿ ಹಾಕಿದರ 36 ಆತು, ನೇರ ಸೈಕಲ್ಲಿಗೆ ಹಚ್ಚಿಬಿಡ್ರಿ ಅಂತ. ಕೇಳಲು ಬಹಳ ಸುಲಭ. ನಾವು ಮಾಡಿಯೇಬಿಡುತ್ತಿದ್ದೆವು. ದಯವಿಟ್ಟು ಯಾರೂ ಮಾಡಬೇಡಿ. ಸೈಕಲ್ಲಿನೊಳಗೆ ಇರುವುದು ಲಿಥಿಯಂ ಬ್ಯಾಟರಿ. ಅದಕ್ಕೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಅಳೆದು ಕೊಡುವವರು ಬೇಕು, ಚಾರ್ಜರಿನ ಕೆಲಸವೇ ಅದು. ಅಳತೆ ಇಲ್ಲದೆ ನೇರ ಜೋಡಿಸಿದರೆ ಕರೆಂಟು ಒಮ್ಮೆಗೇ ನುಗ್ಗಿ ವೈರು ಕರಗಬಹುದು, ಬ್ಯಾಟರಿಯೇ ಹೊತ್ತಿಕೊಳ್ಳಬಹುದು. ಜೋಳದ ಕಣಿಕೆಯ ಬಣವೆ ಪಕ್ಕದಲ್ಲಿ, ಕೂಸುಗಳು ಮಲಗುವ ಜಾಗದಲ್ಲಿ.

ತಡೆದವರು ನಮ್ಮ ಸಹಪಾಠಿಯ ಅಣ್ಣ. ಧಾರವಾಡದಲ್ಲಿ ಯುಪಿಎಸ್, ಸೋಲಾರ್ ಪಂಪು ರಿಪೇರಿ ಮಾಡುತ್ತಾರೆ. ನಮ್ಮ ಲೆಕ್ಕವನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಅಜ್ಜಾರು ದಿನಾ ಎಷ್ಟು ದೂರ ಹೋಗ್ತಾರ?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂರು ದಿನ ಅವರ ಬೀಡಿನಲ್ಲಿ ರೊಟ್ಟಿ, ಪುಂಡಿಪಲ್ಯ ತಿಂದು ಬಂದಿದ್ದೆವು. ನೋಟ್‌ಬುಕ್ಕಿನಲ್ಲಿ ಕುರಿಯ ಸಂಖ್ಯೆ ಇತ್ತು, ಉಣ್ಣೆಯ ದರ ಇತ್ತು, ಕುದುರೆಯ ವಯಸ್ಸೂ ಇತ್ತು. ಇದೊಂದು ಇರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿದೆವು.

“ಒಂದು ಹರದಾರಿ. ಭಾಳ ಆದ್ರ ಒಂದೂವರಿ” ಅಂದರು ಅಜ್ಜ.

ಹರದಾರಿ ಅಂದರೆ ಸುಮಾರು ಮೂರು ಮೈಲಿ, ಅಂದಾಜು ಐದು ಕಿಲೋಮೀಟರ್. ಒಂದೂವರೆ ಹರದಾರಿ ಅಂದರೆ ಏಳೆಂಟು ಕಿಲೋಮೀಟರ್. ತುಂಬಿದ ಸೈಕಲ್ಲು ಪೆಡಲ್ ಮುಟ್ಟದೆ ಇಪ್ಪತ್ತು ಕಿಲೋಮೀಟರಿನಷ್ಟು ಹೋಗುತ್ತದೆ. ಹಾಗಾದರೆ ದಿನಕ್ಕೆ ಬೇಕಾದ್ದು 100ರಿಂದ 110 ವ್ಯಾಟ್-ಅವರ್ ಅಷ್ಟೇ. ದಿನಾ ಫುಲ್ ಮಾಡಿಕೊಡಿ ಅಂತ ಅಜ್ಜ ಯಾವತ್ತೂ ಕೇಳಿರಲಿಲ್ಲ. ಆ ಹಟ ನಮ್ಮದು. ಫೋನಿನ ಮೂಲೆಯಲ್ಲಿ ನೂರು ಅಂತ ಕಾಣದಿದ್ದರೆ ನಮಗೆ ಸಮಾಧಾನ ಇಲ್ಲವಲ್ಲ!

ಬೇಡಿಕೆ ಸಣ್ಣದಾದ ಮೇಲೆ ಸಾಮಾನೂ ಸಣ್ಣದಾಯಿತು. ಅಣ್ಣ ಒಂದು 75 ವ್ಯಾಟಿನ ಸೋಲಾರ್ ಪ್ಯಾನೆಲ್ ಕೊಡಿಸಿದರು, ಕುದುರೆಯ ಹೇರಿಗೆ ಒಂದು ಬಗಲಲ್ಲಿ ಕಟ್ಟಬಹುದಾದಷ್ಟು ಹಗುರ. ಜೊತೆಗೆ 12 ವೋಲ್ಟಿನ 20 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ, ಮೂರು ಕಿಲೋದ ಒಳಗೆ. ಸೀಸದ ಬ್ಯಾಟರಿಯ ಹಾಗಲ್ಲ, ಇದರಲ್ಲಿ ಇರುವುದನ್ನು ಬಹುಪಾಲು ತೆಗೆದು ಬಳಸಬಹುದು. ನಡುವೆ ಲಿಥಿಯಂಗೆ ಹೊಂದುವ ಚಾರ್ಜ್ ಕಂಟ್ರೋಲರ್. ಮುಖ್ಯ ಬದಲಾವಣೆ ಅಂದರೆ ಇನ್ವರ್ಟರನ್ನೇ ತೆಗೆದುಬಿಟ್ಟಿದ್ದು. 12ನ್ನು 230 ಮಾಡಿ, ಮತ್ತೆ ಆ 230ನ್ನು 42 ಮಾಡುವುದು ಅಂದರೆ ಪಕ್ಕದ ಮನೆಗೆ ಹೋಗಲು ಬಸ್ ಸ್ಟ್ಯಾಂಡ್ ಸುತ್ತಿ ಬಂದಂತೆ. ಅದರ ಬದಲು 12ರಿಂದ ನೇರ 42ಕ್ಕೆ ಏರಿಸುವ ಒಂದು ಸಣ್ಣ ಕನ್ವರ್ಟರ್ ಹಾಕಿದರು, ವೋಲ್ಟು, ಆಂಪಿಯರು ಎರಡನ್ನೂ ಕಟ್ಟಿಹಾಕುವಂಥದ್ದು.

ಆ ಕನ್ವರ್ಟರಿನಲ್ಲಿ ಎರಡು ಸಣ್ಣ ತಿರುಪು ಇರುತ್ತವೆ. ಸೈಕಲ್ಲಿನ ಬ್ಯಾಟರಿಯಲ್ಲಿ ಹತ್ತು ಸೆಲ್ಲುಗಳ ಸಾಲು, ಒಂದೊಂದೂ 4.2 ವೋಲ್ಟಿನ ಮೇಲೆ ಹೋಗಬಾರದು. ಹಾಗಾಗಿ ಒಟ್ಟು 42. ಅಣ್ಣ ಮಲ್ಟಿಮೀಟರ್ ಹಿಡಿದು ಒಂದು ತಿರುಪನ್ನು 42ಕ್ಕೆ, ಇನ್ನೊಂದನ್ನು ಒಂದೂವರೆ ಆಂಪಿಯರಿಗೆ ನಿಲ್ಲಿಸಿದರು. ಕುದುರೆಯ ಮೇಲೆ ಅಲುಗಾಡಿ ತಿರುಪು ತಿರುಗಿದರೆ? ನಮ್ಮಲ್ಲಿ ಒಬ್ಬಳ ಚೀಲದಲ್ಲಿ ಉಗುರುಬಣ್ಣ ಇತ್ತು. ಎರಡೂ ತಿರುಪಿನ ಮೇಲೆ ಒಂದೊಂದು ಕೆಂಪು ಹನಿ. ಒಣಗಿದ ಮೇಲೆ ಗಟ್ಟಿ. ಇದು ತಿಳಿಯದವರು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಬಲ್ಲವರ ಹತ್ತಿರವೇ ಮಾಡಿಸಬೇಕು. ಬ್ಯಾಟರಿಯ ಬಾಯಲ್ಲೇ ಒಂದು ಫ್ಯೂಸ್ ಕೂಡ ಹಾಕಿಕೊಟ್ಟರು. ಎಲ್ಲ ಸೇರಿ ಒಂದು ಟಗರಿನ ಬೆಲೆ ಆಯಿತು. ಅರ್ಧ ಮೊಮ್ಮಗ ಕಳಿಸಿದ, ಅರ್ಧ ನಾವು ಹಾಕಿದೆವು.

ಮಾರ್ಚ್ ಮೊದಲ ವಾರ ಮತ್ತೆ ಹೋದೆವು. ಈ ಸಲ ಬಸ್ಸಿನಲ್ಲಿ. ಮಾವನ ವ್ಯಾನು ಕೇಳುವ ಮುಖ ನಮಗಿರಲಿಲ್ಲ. ಬೀಡು ಅಷ್ಟೊತ್ತಿಗೆ ಮುನವಳ್ಳಿಯ ಕಡೆಗೆ ಸರಿದಿತ್ತು. ಅವರಲ್ಲಿ ಹೆಂಗಸರು ಬೆಳಿಗ್ಗೆ ಕುದುರೆ ಹೇರಿಕೊಂಡು ನೇರ ಹೊಸ ಹೊಲಕ್ಕೆ ಹೋಗಿಬಿಡುತ್ತಾರೆ, ಹಿಂಡು ಮೇಯುತ್ತ ಸಂಜೆಗೆ ಬರುತ್ತದೆ. ಹಾಗಾಗಿ ಹನ್ನೊಂದರಿಂದ ಐದರ ತನಕ ಪ್ಯಾನೆಲ್ ಬಿಸಿಲಿಗೆ ಹರಡಿ ಬಿದ್ದಿರುತ್ತದೆ. ಎರಿ ಸೀಮೆಯ ಮಾರ್ಚ್ ಬಿಸಿಲು ನಿಮಗೆ ಗೊತ್ತೇ ಇದೆ. ಸಂಜೆ ತಂಪಾದ ಮೇಲೆ ಸೈಕಲ್ಲಿಗೆ ಎರಡು ತಾಸು ಹಚ್ಚಿದರೆ ಮರುದಿನದ ದಾರಿಗೆ ಸಾಕು. ಬಯಲಲ್ಲಿ ಹಚ್ಚಬೇಕು, ಗುಡಾರದ ಒಳಗಲ್ಲ, ಕಣಿಕೆಯ ಹತ್ತಿರವಲ್ಲ, ಕಂಬಳಿ ಹೊದಿಸುವಂತಿಲ್ಲ. ಕೊನೆಯದನ್ನು ಅಜ್ಜನಿಗೆ ಮೂರು ಸಲ ಹೇಳಿದೆವು.

“ಆತು ಮಾರಾಯಾ, ಹೊಚ್ಚಂಗಿಲ್ಲ” ಅಂದರು.

ಮೊದಲ ದಿನವೇ ಜಗಳ ಬಂತು. ಸಂಜೆ ನೋಡಿದರೆ ಬ್ಯಾಟರಿಗೆ ಐದು ಫೋನು, ಒಂದು ಎಲ್‌ಇಡಿ ಬಲ್ಬು ಹಚ್ಚಿದ್ದರು. ಅಜ್ಜ ಸಿಟ್ಟಾದರು. ಸೊಸೆ ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಹೇಳಿದರು: “ನಿನ್ನೆ ರಾತ್ರಿ ಕುರಿ ಈದಾಗ ಮರಿ ಕಾಲು ಅಡ್ಡ ಬಂದಿತ್ತು. ಬೆಳಕ ಇದ್ದಿದ್ಕ ಎರಡೂ ಜೀವ ಉಳದಾವು. ನಿಮ್ಮ ಸೈಕಲ್ಲ ಅಷ್ಟ ದೊಡ್ಡದೇನ್ರಿ ಮಾವಾ?” ಅಜ್ಜ ಸುಮ್ಮನಾದರು. ಲೆಕ್ಕ ಮಾಡಿದೆವು. ಪ್ಯಾನೆಲ್ ಆ ಆರು ತಾಸಿನಲ್ಲಿ 200 ವ್ಯಾಟ್-ಅವರ್ ದಾಟಿ ಕೊಡುತ್ತಿತ್ತು. ಸೈಕಲ್ಲಿಗೆ ಸೋರಿಕೆ ಸೇರಿ 125. ಬಲ್ಬಿಗೆ, ಫೋನುಗಳಿಗೆ ಉಳಿಯುತ್ತದೆ. ಮೋಡ ಬಂದ ದಿನ ಮಾತ್ರ ಯಾರಿಗೆ ಮೊದಲು ಅನ್ನುವ ಪ್ರಶ್ನೆ. ಅದನ್ನು ನಾವು ಬಿಡಿಸಲು ಹೋಗಲಿಲ್ಲ, ಮನೆಯವರ ಮಾತು.

ಮಗ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. ಮಳೆಗಾಲದಲ್ಲಿ ಎರಿ ಮಣ್ಣು ಗಾಲಿಗೆ ಮೆತ್ತಿ ಸೈಕಲ್ಲು ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ, ಮೋಡದಲ್ಲಿ ಪ್ಯಾನೆಲ್ಲೂ ಕೆಲಸ ಮಾಡುವುದಿಲ್ಲ ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಆಗ ಎರಡು ತಿಂಗಳು ಅಜ್ಜ ಊರಲ್ಲಿ ಇರಲಿ, ದೀಪಾವಳಿಗೆ ಮತ್ತೆ ಬರಲಿ ಅನ್ನುವ ತನಕ ಮಾತು ಬಂದು ನಿಂತಿದೆ.

ಮೊನ್ನೆ ಅಜ್ಜನ ಫೋನು ಬಂತು. ಆರೋಗ್ಯ ವಿಚಾರಿಸಿದೆವು. ಕಾಲು ಹಂಗ ಐತಿ ಅಂದರು. ಮರಿ ದೊಡ್ಡದಾಗೈತಿ ಅಂದರು. ಆಮೇಲೆ ವಿಷಯಕ್ಕೆ ಬಂದರು.

“ಫ್ಯೂಸ್ ಹೋಗೇತಿ. ಮತ್ತ ಹಾದ್ಯಾಗ ಸಿಗವಲ್ದು. ಬರಾಗ ಎರಡು ತಗೊಂಡ ಬರ್ರಿ.”

ಯಾಕೆ ಹೋಯಿತು ಅಜ್ಜಾರ ಅಂದರೆ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಕ್ಕದ ಬೀಡಿನವರ ಟೇಪ್ ಹಚ್ಚಿದ್ವಿ” ಅಂದರು.